ಬಲಗಡೆಯ ಸೀಟು

ಶೆಡ್ಡಿನಲ್ಲಿ ಕೂತು ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಕೊತ್ತಂಬರಿಯ ಹಾಗೆ ಸಣ್ಣಗೆ ಹೆಚ್ಚುತ್ತಿದ್ದೆ. ನಮ್ಮ ಯಜಮಾನರು ಫೋನು ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತರು. ಒಳಗೆ ಬರಬೇಕಾದರೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲು ಅದ್ದಬೇಕು. ಅದು ಅವರೇ ಮಾಡಿದ ಕಾನೂನು. ಅವತ್ತು ಕಾಲು ಅದ್ದಲೂ ಇಲ್ಲ, ಹಿಂದೆ ಹೋಗಲೂ ಇಲ್ಲ. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ನಿಂತಿದ್ದರು.

"ಕೆಲಸ ಸಿಕ್ತು," ಅಂದರು.

ಏನೋ ಕಳೆದುಹೋಯಿತು ಅನ್ನುವವರ ದನಿಯಲ್ಲಿ ಹೇಳಿದರು. ನಾನು ಕತ್ತಿಯನ್ನು ಕೆಳಗಿಟ್ಟೆ. "ವಿಮಾನದ್ದಾ?" ಎಂದು ಕೇಳಿದೆ. ಬೇರೆ ಯಾವ ಕೆಲಸಕ್ಕೂ ಅವರು ಅರ್ಜಿ ಹಾಕಿರಲಿಲ್ಲವಾದ್ದರಿಂದ ಅದು ದಡ್ಡ ಪ್ರಶ್ನೆ. ತಲೆಯಾಡಿಸಿದರು.

ಸ್ವಲ್ಪ ಹಿಂದಿನದನ್ನು ಹೇಳಬೇಕು. ಇವರು ದೊಡ್ಡ ವಿಮಾನಗಳ ಕ್ಯಾಪ್ಟನ್ ಆಗಿದ್ದವರು. ಹಾರಿಸುತ್ತಿದ್ದ ಕಂಪನಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಬೇರೆ ಕಂಪನಿಗಳ ಮುಂದೆ ಇವರಂಥವರು ಸಾಲುಗಟ್ಟಿ ನಿಂತಿದ್ದರು. ಅಷ್ಟರಲ್ಲಿ ಕೊರೊನಾ ಬಂದು ಇದ್ದ ವಿಮಾನಗಳೂ ನೆಲಕ್ಕೆ ಕೂತವು. ಅದೇ ಹೊತ್ತಿಗೆ ಕೊಳ್ಳೇಗಾಲದಲ್ಲಿ ನಮ್ಮ ಮಾವ ಜಾರಿ ಬಿದ್ದು ಸೊಂಟದ ಆಪರೇಷನ್ ಆಯಿತು. ಬೆಂಗಳೂರಿನ ಮನೆಗೆ ಬೀಗ ಹಾಕಿ ಮೂರು ತಿಂಗಳಿಗೆಂದು ಬಂದೆವು. ಮಗಳು ಮೈಸೂರಿನ ಹಾಸ್ಟೆಲ್ ಸೇರಿದಳು. ನಾವು ಇಲ್ಲೇ ಉಳಿದೆವು.

ಬಂದ ಮೊದಲ ವರ್ಷ ಇವರ ಕೈಗಡಿಯಾರ ನಮ್ಮ ಹೊತ್ತನ್ನು ತೋರಿಸುತ್ತಿರಲಿಲ್ಲ. ಪೈಲಟ್‌ಗಳೆಲ್ಲ ಲಂಡನ್ನಿನ ಹೊತ್ತಿಗೆ ಗಡಿಯಾರ ಇಟ್ಟುಕೊಳ್ಳುತ್ತಾರಂತೆ. ನಾನು ಊಟಕ್ಕೆ ಕರೆದಾಗ ಇವರ ಮಣಿಕಟ್ಟಿನಲ್ಲಿ ಇನ್ನೂ ಬೆಳಗಿನ ಕಾಫಿಯ ಹೊತ್ತು. ಒಂದು ದಿನ ಬಟ್ಟೆ ಒಣಹಾಕುತ್ತಿದ್ದಾಗ ನೋಡಿದೆ, ಮುಳ್ಳುಗಳು ಸರಿಯಾಗಿದ್ದವು. ಯಾವಾಗ ತಿರುಗಿಸಿದರೋ.

ಆ ಹೊತ್ತಿಗೆ ಚಾಕಿ ಕೇಂದ್ರ ಶುರುವಾಗಿತ್ತು. ರೇಷ್ಮೆ ಮೊಟ್ಟೆಯಿಂದ ಹೊರಬರುವ ಮರಿ ಇರುವೆಗಿಂತ ಸಣ್ಣದು. ಅದನ್ನು ಮೊದಲ ಕೆಲವು ದಿನ ಮಗುವಿನಂತೆ ಸಾಕಿ ರೈತರ ಕೈಗೆ ಕೊಡುವುದೇ ಚಾಕಿ ಕೆಲಸ. ಶಾಖ, ತೇವ ಎರಡೂ ಅಳತೆಯಲ್ಲಿರಬೇಕು. ನಶ್ಯದ ಕೈ, ಸೊಳ್ಳೆ ಬತ್ತಿ, ಸೆಂಟು ಯಾವುದೂ ಹತ್ತಿರ ಸುಳಿಯಬಾರದು. ಇವರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಗೋಡೆ ತುಂಬ ಮೀಟರುಗಳು, ಅವುಗಳ ಮುಂದೆ ಇವರು. ಮಾವ ಸೋಮವಾರದ ಸಾಂಬ್ರಾಣಿ ಹೊಗೆಯನ್ನು ಮನೆಯ ಮುಂಭಾಗಕ್ಕೆ ಮಾತ್ರ ಹಾಕಬೇಕು ಎಂದು ತಾಕೀತಾಯಿತು. ಹನೂರು, ಯಳಂದೂರು ಕಡೆಯ ರೈತರು ನಮ್ಮ ಹುಳುವನ್ನು "ಪೈಲಟ್ ಉಳ" ಅನ್ನತೊಡಗಿದರು.

ಜನ ಮೆಚ್ಚಿದರು, ಬೆಳೆ ಚೆನ್ನಾಗಿ ಬಂತು. ಆದರೂ ಪ್ರತಿ ವರ್ಷ ಒಂದು ದಿನ ಇವರು ನನಗಲ್ಲದೆ ಬೇರೆ ಯಾರಿಗೂ ನಿಜ ಹೇಳದೆ ಬೆಂಗಳೂರಿಗೆ ಹೋಗಿ ಪೈಲಟ್‌ಗಳ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದರು. ಮಾವನಿಗೆ ಹೇಳುತ್ತಿದ್ದುದು, ಥರ್ಮಾಮೀಟರ್ ತರೋಕೆ ಅಂತ.

ಈಗ ಕರೆದದ್ದು ಸಣ್ಣ ಊರುಗಳ ನಡುವೆ ಓಡಾಡುವ ಒಂದು ಸಣ್ಣ ಕಂಪನಿ. ರೆಕ್ಕೆಯಲ್ಲಿ ಪಂಖ ತಿರುಗುವ, ಎಪ್ಪತ್ತು ಜನ ಹಿಡಿಯುವ ವಿಮಾನ. ಕೆಲಸ ಬೇರೆ ರಾಜ್ಯದಲ್ಲಿ. ಹೋದ ತಿಂಗಳು ಮಹಡಿಯ ರೂಮಿನ ಬಾಗಿಲು ಹಾಕಿಕೊಂಡು, ಮೇಲೆ ಟೈ ಕಟ್ಟಿ ಕೆಳಗೆ ಪಂಚೆ ಉಟ್ಟು, ಕಂಪ್ಯೂಟರಿನ ಮುಂದೆ ಇಂಟರ್‌ವ್ಯೂ ಕೊಟ್ಟಿದ್ದು ಅದಕ್ಕೇ. ಆದರೆ ಇಷ್ಟು ಕಾಲ ನೆಲದ ಮೇಲಿದ್ದವರನ್ನು ಕ್ಯಾಪ್ಟನ್ ಮಾಡುವುದಿಲ್ಲವಂತೆ. ಬಲಗಡೆಯ ಸೀಟಿನಲ್ಲಿ, ಫಸ್ಟ್ ಆಫೀಸರ್ ಆಗಿ, ತಮಗಿಂತ ಚಿಕ್ಕವರ ಪಕ್ಕದಲ್ಲಿ ಕೂರಬೇಕು. ವಾರದೊಳಗೆ ಒಪ್ಪಿಗೆಯೋ ಇಲ್ಲವೋ ತಿಳಿಸಿ ಎಂದಿದ್ದರು.

ಮಾವನಿಗೆ ಮಾತ್ರ ಹೇಳಿದೆವು. ಅವರು ಪೇಪರು ಮಡಿಚಿಟ್ಟು ಕನ್ನಡಕದ ಮೇಲಿನಿಂದ ನೋಡಿದರು.

"ಫ್ಯಾನ್ ತಿರುಗೋದಾ? ಅದು ಓಯ್ತದಾ ಸರಿಯಾಗಿ?"

"ಚೆನ್ನಾಗೇ ಹೋಗುತ್ತೆ ಅಪ್ಪಾಜಿ. ಸಣ್ಣ ರನ್‌ವೇಲೂ ಇಳಿಯುತ್ತೆ."

"ಅಂಗಾರೆ ಕುಂತೂರು ಸಕ್ಕರೆ ಫ್ಯಾಕ್ಟ್ರಿಗೆ ಕಬ್ಬು ಒಡಿಯೋ ಟ್ರ್ಯಾಕ್ಟರ್ ಇದ್ದಂಗೆ ಅನ್ನು. ಎಲ್ಲಿಗಾದ್ರೂ ನುಗ್ತದೆ." ತಮ್ಮ ಮಾತಿಗೆ ತಾವೇ ನಕ್ಕು ಕೇಳಿದರು, "ಓಯ್ತೀಯಾ?"

"ಯೋಚನೆ ಮಾಡ್ತಿದ್ದೀನಿ."

ಮಾವ ಮತ್ತೆ ಪೇಪರು ಬಿಡಿಸಿದರು. ಓದುತ್ತಿರಲಿಲ್ಲ. ಪುಟ ತಿರುಗಲೇ ಇಲ್ಲ.

ಮಾರನೆಯ ದಿನದಿಂದ ಮಹಡಿಯ ರೂಮಿನಲ್ಲಿ ಅಭ್ಯಾಸ ಶುರುವಾಯಿತು. ಎರಡು ಪ್ಲಾಸ್ಟಿಕ್ ಕುರ್ಚಿ ಪಕ್ಕಪಕ್ಕ, ನಡುವೆ ಒಂದು ಸ್ಟೂಲು. ಸ್ಟೂಲೇ ಎಂಜಿನ್ನಿಗೆ ಶಕ್ತಿ ಕೊಡುವ ಹಿಡಿಗಳು. ಪೈಲಟ್‌ಗಳು ಹೀಗೆ ಬರೀ ಕುರ್ಚಿಯಲ್ಲಿ ಕೂತು, ಕಣ್ಣುಮುಚ್ಚಿ, ಗಾಳಿಯಲ್ಲೇ ಎಲ್ಲ ಸ್ವಿಚ್ಚುಗಳನ್ನೂ ಮುಟ್ಟಿ ಕಲಿಯುವುದು ಹೊಸದಲ್ಲ. ಮದುವೆಯಾದ ಹೊಸದರಲ್ಲೂ ನೋಡಿದ್ದೆ. ಆಗ ಹಾಸಿಗೆಯ ಅಂಚಿನಲ್ಲಿ ಕೂತು ಮಾಡುತ್ತಿದ್ದರು. ಈಗ ಓದಿ ಹೇಳಲು ಒಬ್ಬರು ಬೇಕು ಎಂದರು. ಹಳೆಯ ಸ್ನೇಹಿತರೊಬ್ಬರು ಕಳಿಸಿದ ಆ ಹೊಸ ವಿಮಾನದ ಪುಸ್ತಕ ಫೋನಿನಲ್ಲಿತ್ತು. ನಾನು ಎಡಗಡೆಯ ಕುರ್ಚಿಯಲ್ಲಿ ಕೂತೆ, ಅಂದರೆ ಕ್ಯಾಪ್ಟನ್ ಕೂರುವ ಜಾಗದಲ್ಲಿ. ಮೊಣಕೈಗೆ ಒಗ್ಗರಣೆ ಸಿಡಿದ ಕಲೆ, ತೊಡೆಯ ಮೇಲೆ ಸೆರಗಿನ ಗಂಟು, ನಾನು ಕ್ಯಾಪ್ಟನ್!

ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮಗೆ ಗಟ್ಟಿಯಾಗಿ ಓದುವುದನ್ನು ಹೇಳಿಕೊಟ್ಟಿದ್ದರು. ಅಲ್ಪವಿರಾಮಕ್ಕೆ ಒಂದು ಉಸಿರು, ಪೂರ್ಣವಿರಾಮಕ್ಕೆ ಎರಡು. ಅಭ್ಯಾಸ ಬಿಟ್ಟುಹೋಗಿರಲಿಲ್ಲ. "ಎಂಜಿನ್ ಫೇಲ್ಯೂರ್, ಆಫ್ಟರ್ ಟೇಕಾಫ್," ಎಂದು ಓದಿ ಎರಡು ಉಸಿರು ಬಿಟ್ಟೆ.

ಇವರು ಒಂದು ಕಣ್ಣು ತೆರೆದರು. "ಪ್ರೇಯರ್ ಥರ ಓದ್ಬೇಡ್ವೇ. ಎಂಜಿನ್ ಕೆಟ್ಟಿದೆ, ಆಮೆನ್ ಅಂದ ಹಾಗಿದೆ."

ಇಬ್ಬರೂ ನಕ್ಕೆವು. ಆ ರೂಮಿನಲ್ಲಿ ನಾವು ನಕ್ಕಿದ್ದು ಅವತ್ತೇ ಕೊನೆ.

ಕೈಯನ್ನು ನೋಡಿದ್ದು ಎರಡನೆಯ ದಿನ. ಎಡಗಡೆ ಕೂತ ಕ್ಯಾಪ್ಟನ್ನಿಗೆ ಎಂಜಿನ್ನಿನ ಹಿಡಿ ಬಲಗೈಗೆ ಸಿಗುತ್ತದೆ. ಬಲಗಡೆ ಕೂತವರಿಗೆ ಅದೇ ಹಿಡಿ ಎಡಗೈಗೆ. ಅಷ್ಟೇ ವ್ಯತ್ಯಾಸ. ಸಾವಧಾನವಾಗಿ ಓದುತ್ತಿದ್ದಾಗ ಇವರ ಎಡಗೈ ಸರಿಯಾಗಿ ಸ್ಟೂಲಿನ ಮೇಲೆ ಹೋಗುತ್ತಿತ್ತು. "ಎಂಜಿನ್ ಫೇಲ್ಯೂರ್" ಎಂದು ನಾನು ಇದ್ದಕ್ಕಿದ್ದಂತೆ ಓದಿದ ಕೂಡಲೇ ಮಾತ್ರ ಬಲಗೈ ಮುಂಚೆ ಏಳುತ್ತಿತ್ತು. ವಿಮಾನದಲ್ಲಾದರೆ ಆ ಕಡೆ ಕಿಟಕಿಯ ಗಾಜು ಬಿಟ್ಟರೆ ಏನೂ ಇಲ್ಲ. ಕೈ ಅಲ್ಲಿ ಖಾಲಿ ಗಾಳಿಯನ್ನು ಒಂದು ಗಳಿಗೆ ಹಿಡಿದು, ತಪ್ಪು ಮನೆಗೆ ನುಗ್ಗಿದವರಂತೆ ಬೇಗ ಹಿಂದಕ್ಕೆ ಬಂದು ತೊಡೆಯ ಮೇಲೆ ಕೂರುತ್ತಿತ್ತು. ಆಮೇಲೆ ಎಡಗೈ ಹೊರಡುತ್ತಿತ್ತು.

ನಾನು ಮುಂದಿನ ಸಾಲು ಓದಿದೆ. ಅಂದು ಸಂಜೆ ಇವರು ಪುಸ್ತಕ ಕಳಿಸಿದ ಆ ಸ್ನೇಹಿತರಿಗೆ ಫೋನು ಮಾಡಿ ಕೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಅವರು ಆ ಕಡೆಯಿಂದ ಏನೆಂದರೋ, ಇವರು "ಒಂದು ವಾರ ಸಿಮ್ಯುಲೇಟರ್‌ನಲ್ಲಿ ಕೂತ್ರೆ ಹೋಗುತ್ತೆ ಅಂತೀಯಾ? ಎಲ್ಲರಿಗೂ ಆಗುತ್ತಾ?" ಎಂದು ಎರಡೆರಡು ಸಲ ಕೇಳಿದರು.

ನನಗೆ ಏನು ಬೇಕಿತ್ತು ಎಂದು ಆ ದಿನಗಳಲ್ಲಿ ಯಾರಾದರೂ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಹಾರುತ್ತಿದ್ದ ಕಾಲದಲ್ಲಿ ಮಳೆಗಾಲ ಬಂತೆಂದರೆ ನಾನು ಟಿವಿಯ ಸುದ್ದಿ ಹಾಕುತ್ತಿರಲಿಲ್ಲ. ಇಲ್ಲಿ ಬಂದ ಮೇಲೆ ಮಳೆ ಬರೀ ಮಳೆಯಾಗಿತ್ತು. ಆದರೆ ಇವರು ಇತ್ತೀಚೆಗೆ ಫ್ರಿಜ್ಜಿನ ಬಾಟಲಿಗಳನ್ನೆಲ್ಲ ಹೆಸರು ಮುಂದೆ ಕಾಣುವಂತೆ ತಿರುಗಿಸಿಡಲು ಶುರುಮಾಡಿದ್ದರು. ಸಾರಿಗೆ ಉಪ್ಪು ಹಾಕುವಾಗ ಹಿಂದೆ ಬಂದು ನಿಲ್ಲುತ್ತಿದ್ದರು. ಗೇಟಿನ ಚಿಲಕ ಹಾಕಿದೆಯೇ ಎಂದು ನೋಡಿ ಬಂದು, ಮತ್ತೆ ನೋಡಲು ಹೋಗುತ್ತಿದ್ದರು. ಹೋಗದೆ ಇದ್ದರೆ ಇವರು ಏನಾಗುತ್ತಾರೆ ಎನ್ನುವ ಹೆದರಿಕೆಯೂ, ಹೋದರೆ ಏನಾಗುತ್ತದೋ ಎನ್ನುವ ಹೆದರಿಕೆಯೂ ನನ್ನೊಳಗೆ ಜಡೆ ಹೆಣೆದ ಹಾಗೆ ಸೇರಿಕೊಂಡಿದ್ದವು. ಒಂದನ್ನು ಎಳೆದರೆ ಇನ್ನೊಂದು ಬಿಗಿಯುತ್ತಿತ್ತು.

ಹಾಗಿರುವಾಗ ಹನೂರಿನಿಂದ ರೇಷ್ಮೆ ರೈತರ ಸಂಘದ ಅಧ್ಯಕ್ಷರು ಫೋನು ಮಾಡಿದರು. "ಸಾ, ಉಳಕ್ಕೆ ಸುಣ್ಣಕಟ್ಟು ಬಂದದೆ. ಬಂದು ನಾಲ್ಕ್ ಮಾತು ಏಳ್ಬೇಕು. ಅಮ್ಮಾರ್ನೂ ಕರ್ಕಂಡ್ ಬನ್ನಿ." ಸುಣ್ಣಕಟ್ಟು ಬಂದರೆ ಹುಳು ಬಿಳುಚಿ ಸೀಮೆಸುಣ್ಣದ ಹಾಗೆ ಗಟ್ಟಿಯಾಗಿ ಸಾಯುತ್ತದೆ. ಇವರು ಔಷಧಿಯ ಪೊಟ್ಟಣ ಕಾರಿಗೆ ಹಾಕಿಕೊಂಡರು. ನನ್ನನ್ನು ಯಾಕೆ ಕರೆದರು ಎಂದು ನಾನು ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಹನೂರಿನ ಬಸ್ ನಿಲ್ದಾಣ ಹತ್ತಿರವಾದಾಗ ಕಾರು ತಾನಾಗಿ ನಿಧಾನವಾಯಿತು. ಮುಂದೆ ಎತ್ತರದ ಫ್ಲೆಕ್ಸು. ಅದರಲ್ಲಿ ನಮ್ಮ ಯಜಮಾನರು, ಎರಡಾಳು ಎತ್ತರಕ್ಕೆ, ಕ್ಯಾಪ್ಟನ್ನಿನ ಟೋಪಿ ಹಾಕಿ, ಭುಜದ ಮೇಲೆ ನಾಲ್ಕು ಪಟ್ಟಿ. ಹಿಂದೆ ಒಂದು ವಿಮಾನ. ರೆಕ್ಕೆಯ ಕೆಳಗೆ ಕ್ಷಿಪಣಿಗಳು ನೇತಾಡುತ್ತಿದ್ದವು, ಯಾವುದೋ ಯುದ್ಧವಿಮಾನ. ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಕೈಮುಗಿದ ಅಧ್ಯಕ್ಷರು. ಕೆಳಗೆ ಸಂಘದ ಸದಸ್ಯರು ಒಬ್ಬೊಬ್ಬರೂ ಒಂದೊಂದು ಮೊಟ್ಟೆಯಾಕಾರದೊಳಗೆ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮತ್ತೆ ಆಕಾಶಕ್ಕೆ ಏರುತ್ತಿರುವ ನಮ್ಮ ಹೆಮ್ಮೆಯ ಕ್ಯಾಪ್ಟನ್‌ಗೆ ಹಾರ್ದಿಕ ಅಭಿನಂದನೆಗಳು.

ಇವರು ಕಾರು ನಿಲ್ಲಿಸಿ ನೋಡುತ್ತಲೇ ಇದ್ದರು. ಹಿಂದೆ ಬಸ್ಸು ಹಾರನ್ ಹೊಡೆಯಿತು.

"ನಾನಿನ್ನೂ ಹ್ಞೂಂ ಅಂದಿಲ್ವಲ್ಲ," ಎಂದರು. ನನಗಲ್ಲ, ಆ ಫ್ಲೆಕ್ಸಿಗೆ.

ನನ್ನ ಕಣ್ಣು ಬೇರೆ ಕಡೆ ಇತ್ತು. ಫೋಟೋದಲ್ಲಿ ಇವರ ಎಡ ಭುಜದ ಮೇಲೆ ಒಂದು ಸಣ್ಣ ಬಿಳಿ ಗೆರೆ, ಟೋಪಿಯ ಹತ್ತಿರ ಟ್ಯೂಬ್‌ಲೈಟಿನ ಹೊಳಪು. ನಮ್ಮ ನಡುಮನೆಯ ಗೋಡೆಯ ಮೇಲಿರುವ ಇದೇ ಫೋಟೋದ ಚೌಕಟ್ಟಿನ ಗಾಜು ಅದೇ ಜಾಗದಲ್ಲಿ ಸೀಳಿದೆ. ವಾರಕ್ಕೊಮ್ಮೆ ಅದನ್ನು ಒರೆಸುವವಳು ನಾನು. ಇದು ಯಾರ ಕೆಲಸ ಎಂದು ನನಗೆ ತಿಳಿಯಿತು.

ಸಮುದಾಯ ಭವನದಲ್ಲಿ ಸುಣ್ಣಕಟ್ಟಿನ ಸುದ್ದಿಯೇ ಇರಲಿಲ್ಲ. ಶಾಲು, ಪೇಟ, ಹಣ್ಣಿನ ಬುಟ್ಟಿ, ರೇಷ್ಮೆ ಗೂಡುಗಳನ್ನು ಪೋಣಿಸಿದ ಹಾರ. ಪೇಟ ಸ್ವಲ್ಪ ದೊಡ್ಡದಾಗಿ ಇವರ ಹುಬ್ಬಿನವರೆಗೂ ಇಳಿಯಿತು. ಸನ್ಮಾನಕ್ಕೆ ಕೂರಿಸಿದವರನ್ನು ಎದ್ದು ಹೋಗಲು ಯಾರು ಬಿಡುತ್ತಾರೆ?

ಅಧ್ಯಕ್ಷರು ಮೈಕು ಹಿಡಿದರು. "ಸಾ ಅವ್ರು ಇನ್ನೇನ್ ಆರೋಯ್ತಾರೆ. ನಮ್ದೊಂದೇ ಬೇಡಿಕೆ. ನಮ್ ತ್ವಾಟದ್ ಮ್ಯಾಲೆ ಓಗೋವಾಗ ಒಂದ್ ಕಿತ ಕೈ ಬೀಸ್ಬೇಕು."

"ಅದೇನ್ ಬಸ್ಸಾ? ಕಿಟ್ಕಿ ತೆಗ್ಯಕಾಗಲ್ಲ ಕಣಣ್ಣೋ," ಎಂದು ಹಿಂದಿನ ಸಾಲಿನಿಂದ ಒಬ್ಬರು.

"ಅಂಗಾರೆ ಆರ್ನಾದ್ರೂ ಒಡೀಲಿ ಬುಡ್ಲಾ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವರೂ ನಕ್ಕರು. ನಗುವಾಗ ಪೇಟ ಇನ್ನಷ್ಟು ಜಾರಿತು.

ನಗು ನಿಂತ ಮೇಲೆ ಒಬ್ಬ ಹೆಂಗಸು ಎದ್ದು ನಿಂತರು. ರಾಮಾಪುರದ ಕಡೆಯವರು, ಪ್ರತಿ ಬೆಳೆಗೂ ನಮ್ಮಲ್ಲಿಗೇ ಬಂದು ಹುಳು ಒಯ್ಯುವವರು. "ಅದೆಲ್ಲ ಸರಿ ಸಾ. ಮುಂದ್ಲ ಬೆಳೆಗೆ ಉಳ ಯಾರ್ ಕೊಟ್ಟಾರು?"

ಅಧ್ಯಕ್ಷರ ಮುಖ ಹುಳ್ಳಗಾಯಿತು. "ಏ, ಕೂತ್ಕಳಕ್ಕ. ಒಳ್ಳೆ ಟೈಮಲ್ಲಿ ಅದೇನ್ ಕೇಳ್ತೀಯ?"

"ಕೇಳಬಾರ್ದಾ? ಕೇಳ್ದೆ ಅಷ್ಟೆ," ಎಂದು ಆಕೆ ಕೂತರು. ಆದರೆ ಕೂತ ಮೇಲೂ ಇವರ ಮುಖವನ್ನೇ ನೋಡುತ್ತಿದ್ದರು.

ಇವರ ಕೈಗೆ ಮೈಕು ಬಂತು. ಇಲ್ಲಿ, ಎಲ್ಲರೆದುರು, ನಾನಿನ್ನೂ ತೀರ್ಮಾನ ಮಾಡಿಲ್ಲ ಎಂದುಬಿಡಬಹುದಿತ್ತು. ಇವರು ಗಂಟಲು ಸರಿಮಾಡಿಕೊಂಡು, ಶೆಡ್ಡಿನಲ್ಲಿ ಗಾಳಿ ಆಡಬೇಕು, ಸತ್ತ ಹುಳುವನ್ನು ಕೈಯಿಂದ ಮುಟ್ಟದೆ ಆರಿಸಿ ಸುಡಬೇಕು, ಹುಳು ಮಲಗುವ ಸೊಪ್ಪಿನ ಹಾಸಿಗೆಗೆ ಸುಣ್ಣದ ಪುಡಿ ಚಿಮುಕಿಸಬೇಕು ಎಂದು ಸುಣ್ಣಕಟ್ಟಿನ ಬಗ್ಗೆ ಮಾತಾಡಿದರು. ಅದಕ್ಕೂ ಜೋರು ಚಪ್ಪಾಳೆ ಬಿತ್ತು.

ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿತು. ಎರಡು ಟ್ರೇಲರು, ಅಂಚಿನಿಂದ ಜೋತ ಕಬ್ಬಿನ ಗರಿಗಳು ರಸ್ತೆ ಗುಡಿಸುತ್ತಿದ್ದವು. ಇವರು ಅಂಥದ್ದನ್ನು ದಾಟಲು ಎಂದೂ ಹಿಂದೆಮುಂದೆ ನೋಡಿದವರಲ್ಲ. ಅವತ್ತು ರಸ್ತೆ ಖಾಲಿಯಿದ್ದರೂ ದಾಟಲಿಲ್ಲ. ಅದರ ಹಿಂದೆಯೇ ತೆವಳುತ್ತ ಬಂದೆವು.

"ನೀನು ನೋಡ್ತಿದ್ದೀಯ ಅಲ್ವಾ," ಎಂದರು.

"ಏನನ್ನ?"

"ಕೈಯನ್ನ."

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ. ನಿಧಾನವಾಗುತ್ತದೆ. ಅಷ್ಟರಲ್ಲಿ ಎದುರಿಗಿದ್ದವರಿಗೆ ಗೊತ್ತಾಗಿರುತ್ತದೆ. "ಹ್ಞೂಂ," ಎಂದೆ.

"ಪ್ರತಿ ಸಲಾನೂ?"

"ಗಾಬರಿಯಿಂದ ಓದಿದಾಗ ಮಾತ್ರ."

"ಗಾಬರಿ ಇಲ್ಲದಾಗ ಯಾರು ಬೇಕಾದ್ರೂ ಓಡಿಸಬಹುದು ಕಣೇ." ಗೇರು ಇಳಿಸುತ್ತ, "ಮೊದಲು ಎಷ್ಟು ವರ್ಷ ಬಲಗಡೇನೇ ಕೂತಿದ್ದೆ. ಮೈಗೆ ಅದು ನೆನಪೇ ಇಲ್ಲ, ನೋಡು," ಎಂದರು.

"ಟ್ರೈನಿಂಗ್‌ನಲ್ಲಿ ಸರಿಹೋಗುತ್ತೆ ಅಂದ್ರಲ್ಲ ನಿಮ್ಮ ಫ್ರೆಂಡು."

"ಅಂದ."

"ಮತ್ತೆ?"

"ಅವನಿಗೆ ಗ್ಯಾಪ್ ಆಗಿಲ್ವಲ್ಲ. ಅವನು ದಿನಾ ಹಾರ್ತಾನೆ."

ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಕೂತು ಕಾಯುತ್ತಿದ್ದರು. ಹಣ್ಣಿನ ಬುಟ್ಟಿ ನೋಡಿ ಕಣ್ಣು ಅರಳಿತು. "ಎಂಗಾಯ್ತು? ಜನ ಸೇರಿದ್ರಾ?"

ಇವರು ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು. "ಜನ ಸೇರಿದ್ದು ನಿಮಗೆ ಹೇಗೆ ಗೊತ್ತು? ನಾವು ಹೇಳಿ ಹೋಗಿದ್ದು ಸುಣ್ಣಕಟ್ಟು ನೋಡೋಕೆ ಅಂತ."

ಮಾವ ಒಂದು ಕ್ಷಣ ತಡವರಿಸಿದರು. ಆಮೇಲೆ ತಡವರಿಸುವುದನ್ನು ಬಿಟ್ಟುಬಿಟ್ಟರು. "ನಾನೇ ಏಳ್ದೆ. ಗೂಡಿನ ಮಾರ್ಕೆಟ್ಟಲ್ಲಿ ಅಧ್ಯಕ್ಷ ಸಿಕ್ಕಿದ್ದ. ಫೋಟೋನೂ ನಾನೇ ಕೊಟ್ಟೆ. ಏನೀಗ?"

"ನಾನು ಹೋಗ್ತೀನಿ ಅಂತ ಯಾರು ಹೇಳಿದ್ರು?"

"ನೀನು ಓಗಲ್ಲ ಅಂತೀಯ ಅಂತ ಗೊತ್ತಿತ್ತು. ಅದ್ಕೇ ಬೋರ್ಡು ಆಕಿಸ್ದೆ. ಊರೆಲ್ಲ ಶಾಲು ಒದಿಸಿದ್ಮೇಲೆ ಎಂಗ್ ಇಲ್ಲ ಅಂತೀಯ, ನೋಡವ!"

"ಅಪ್ಪಾಜಿ, ನನ್ನ ತೀರ್ಮಾನಾನ ಬೋರ್ಡು ಹಾಕಿ ಮಾಡಿಬಿಟ್ರಾ?"

"ಮಾಡ್ದೆ ಕಣಯ್ಯ." ಮಾವನ ದನಿ ಒಮ್ಮೆಲೇ ಒಡೆಯಿತು. "ನನ್ ಸೊಂಟ ಮುರೀದೆ ಓಗಿದ್ರೆ ನೀನು ಇಲ್ಲಿರ್ತಿದ್ಯಾ? ಅಪ್ಪ ಮಗನ್ನ ಇಡ್ಕಂಡ ಅಂತ ಅಂತಾರೆ ಜನ. ನನ್ನೆದ್ರಿಗಲ್ಲ, ಇಂದೆ. ಕೇಳುಸ್ತದೆ ನಂಗೆ. ಓಗ್ಬುಡಪ್ಪ. ಉಳ ಗಿಳ ಎಲ್ಲ ನಾ ನೋಡ್ಕತೀನಿ."

ಸೊಂಟಕ್ಕೆ ರಾಡು ಹಾಕಿಸಿಕೊಂಡು ಕೋಲೂರಿ ನಡೆಯುವವರು. ಹುಳು ಏನು ನೋಡಿಕೊಂಡಾರು? ಇವರು ಗೂಡಿನ ಹಾರವನ್ನು ಮಾವನ ಪಕ್ಕದಲ್ಲಿಟ್ಟು ಒಳಗೆ ಹೋದರು. ಮಾವ ಅದರ ಒಂದೊಂದೇ ಗೂಡನ್ನು ಒತ್ತಿ ನೋಡುತ್ತ ನನಗೆ ಹೇಳಿದರು, "ಗೂಡು ಗಟ್ಟಿಯಾಗವೆ, ಅಲ್ವಾ ಮಗ? ನಮ್ ಉಳದ್ದೇ ಇರ್ಬೇಕು."

ಯಳಂದೂರಿನಿಂದ ನನ್ನ ತಾಯಿಯ ಫೋನು ಬಂದದ್ದು ಮಾರನೆಯ ಬೆಳಿಗ್ಗೆ. ಫ್ಲೆಕ್ಸಿನ ಫೋಟೋ ಯಾರದೋ ಮೊಬೈಲಿನಿಂದ ಅಲ್ಲಿಗೂ ತಲುಪಿತ್ತು.

"ಅಂತೂ ರಜೆ ಮುಗೀತಲ್ಲವ್ವ," ಎಂದರು.

"ಯಾವ ರಜೆ?"

"ಇನ್ನೇನ್ ಏಳ್ಲಿ ನಾನು ಜನಕ್ಕೆ? ಅಳಿಯಂದ್ರು ಲಾಂಗ್ ಲೀವಲ್ಲವ್ರೆ ಅಂತಿದ್ದೆ. ನಮ್ ಬೀದಿ ಟೀಚರಮ್ಮ, ಇದ್ಯಾವ್ ಸೀಮೆ ಲೀವಮ್ಮಾ ಅಂತ ನಕ್ಕಂಡು ಓಗೋಳು. ಈಗ ಬರ್ಲಿ ಅವ್ಳು."

ನನ್ನ ತಾಯಿ ಇಷ್ಟು ವರ್ಷ ನಮಗಾಗಿ ಹೊತ್ತಿದ್ದ ಸುಳ್ಳನ್ನು ಅವತ್ತು ಇಷ್ಟು ಸಂತೋಷದಿಂದ ಇಳಿಸಿಡುತ್ತಿದ್ದರು. ಅವರಿಗೆ ಏನು ಹೇಳುವುದು? "ಇನ್ನೂ ಗೊತ್ತಿಲ್ಲಮ್ಮ," ಎಂದೆ. "ಅದೇನ್ ಗೊತ್ತಿಲ್ಲ, ಬೋರ್ಡಲ್ಲೇ ಬರೆದವ್ರಲ್ಲ," ಎಂದರು.

ಉತ್ತರ ಕಳಿಸಬೇಕಾದ ದಿನ ಬಂತು. ಮಧ್ಯಾಹ್ನ ಊಟವಾದ ಮೇಲೆ ಇವರು ಮಹಡಿಗೆ ಕರೆದರು. ಕರೆಂಟು ಇರಲಿಲ್ಲ. ಕಿಟಕಿಯಿಂದ ಬಿಸಿಲು ಬಂದು ಎರಡು ಕುರ್ಚಿಗಳ ಮೇಲೂ ಬಿದ್ದಿತ್ತು. ನಾನು ಫೋನು ಕೈಗೆ ತೆಗೆದುಕೊಂಡೆ.

"ಓದೋದು ಬೇಡ. ನಿನಗೆ ಬಾಯಿಪಾಠ ಆಗಿದೆಯಲ್ಲ. ಯಾವಾಗ ಬೇಕೋ ಆಗ ಹೇಳು, ನನಗೆ ಗೊತ್ತಾಗಬಾರದು. ಕಣ್ಣು ಮಾತ್ರ ನನ್ನ ಬಲಗೈ ಮೇಲಿರಲಿ. ಆಮೇಲೆ ಇದ್ದದ್ದು ಹೇಳು."

"ಅದನ್ನ ನಾನು ಯಾಕ್ರೀ ಹೇಳ್ಬೇಕು? ನಿಮಗೇ ಗೊತ್ತಾಗಲ್ವಾ?"

"ಇತ್ತೀಚೆಗೆ ಗೊತ್ತಾಗ್ತಿಲ್ಲ. ಏಳಲಿಲ್ಲ ಅಂತಾನೇ ಅನ್ನಿಸುತ್ತೆ. ಆದರೆ ನಿನಗೆ ಕಾಣುತ್ತೆ."

ಕಣ್ಣು ಮುಚ್ಚಿದರು. ಬಲಗೈ ಎದುರಿಗೆ, ಇಲ್ಲದ ಸ್ಟೀರಿಂಗ್ ಚಕ್ರವನ್ನು ಹಿಡಿದಂತೆ. ನಾನು ಸುಮ್ಮನೆ ಏನೇನೋ ಮಾತಾಡಿದೆ, ಮಗಳಿಗೆ ಚಕ್ಕುಲಿ ಕಳಿಸಬೇಕು, ಗ್ಯಾಸಿನವನು ಬಂದಿಲ್ಲ ಎಂದು. ಅವರ ಮುಖದ ಬಿಗಿ ಇಳಿಯಿತು. ಬೆರಳುಗಳ ಸಂದಿಯಲ್ಲಿ ಸುಣ್ಣದ ಪುಡಿ ಇನ್ನೂ ಅಂಟಿತ್ತು. ಮದುವೆಯ ದಿನ ಹಿಡಿದ ಕೈ ಅದು. ಅದನ್ನು ಇಷ್ಟು ಹೊತ್ತು ಒಂದೇ ಸಮನೆ ನಾನು ಎಂದೂ ನೋಡಿರಲಿಲ್ಲ.

"ಎಂಜಿನ್ ಫೇಲ್ಯೂರ್," ಎಂದೆ.

ಎಡಗೈ ನೆಟ್ಟಗೆ ಸ್ಟೂಲಿನ ಮೇಲೆ ಹೋಯಿತು. ಬಲಗೈ ಇದ್ದಲ್ಲೇ ಇತ್ತು. ತೋರುಬೆರಳೊಂದು ಮಾತ್ರ ಹಿಡಿತ ಬಿಟ್ಟು ಕೊಂಚ ಮೇಲೆದ್ದು, ಮತ್ತೆ ಮಡಿಚಿಕೊಂಡಿತು. ಬೇರೆ ಯಾರೇ ನೋಡಿದ್ದರೂ ಅದು ಕಾಣುತ್ತಿರಲಿಲ್ಲ.

ಕಣ್ಣು ತೆರೆದರು. ಮುಖದಲ್ಲಿ ಒಂದು ಎಳೆಯ ಬೆಳಕಿತ್ತು, ಗೆದ್ದೆ ಅನ್ನುವ ಹಾಗೆ. "ಏಳ್ಲಿಲ್ಲ ಅಲ್ವಾ?"

ಕೈ ಏಳಲಿಲ್ಲ. ಅದು ನಿಜವೇ. ಅಷ್ಟೇ ಹೇಳಿದ್ದರೆ ಸುಳ್ಳಾಗುತ್ತಿರಲಿಲ್ಲ. ಆದರೆ ಇವರು ನನ್ನನ್ನು ಕೂರಿಸಿದ್ದು ಆ ಬೆರಳನ್ನು ನೋಡುವುದಕ್ಕೇ ಎಂದು ನನಗೆ ಗೊತ್ತಿತ್ತು. ವಿಮಾನದ ಹಿಂದಿನ ಸೀಟುಗಳಲ್ಲಿ ಚಕ್ಕುಲಿ ಡಬ್ಬಿ ಹಿಡಿದು ಕೂತ ತಾಯಂದಿರು ಕಣ್ಣಿಗೆ ಬಂದರು. ನನ್ನ ಪಕ್ಕದಲ್ಲೇ ಇದ್ದ ಆ ಎಳೆಯ ಬೆಳಕೂ ಕಾಣುತ್ತಿತ್ತು.

"ಕೈ ಏಳ್ಲಿಲ್ಲ," ಎಂದೆ. "ಬೆರಳು ಎದ್ದಿತು."

"ಯಾವುದು?"

ತೋರಿಸಿದೆ. ಇವರು ಆ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮಗುವಿನ ಬೆರಳನ್ನು ಹಿಡಿದ ಹಾಗೆ, ಸ್ವಲ್ಪ ಹೊತ್ತು ಕೂತರು. ಆಮೇಲೆ "ಸರಿ" ಎಂದು ಎದ್ದರು. ಅಲ್ಲೇ ನಿಂತು ಫೋನಿನಲ್ಲಿ ಟೈಪು ಮಾಡಿದರು. ಎರಡೇ ಸಾಲು. ಓದಿ ತೋರಿಸಲಿಲ್ಲ.

ಮಾವ ಎರಡು ದಿನ ಇವರೊಂದಿಗೆ ಮಾತು ಬಿಟ್ಟರು. ತಾಯಿಗೆ ನಾನು ಫೋನು ಮಾಡಿ ಹೇಳಿದಾಗ ಆ ಕಡೆ ಬಹಳ ಹೊತ್ತು ಬರೀ ಮಿಕ್ಸಿಯ ಸದ್ದು ಕೇಳಿಸಿತು. ಮುಂದಿನ ಸಲ ಹುಳು ಕೊಡುವ ದಿನ ಬೆಳಿಗ್ಗೆ ರೈತರೆಲ್ಲ ಆಟೋಗಳಲ್ಲಿ ಬಂದು ಸೇರಿದ್ದಾಗ ಇವರು ತಾವೇ ಹೇಳಿದರು, ನಾನು ಹೋಗ್ತಾ ಇಲ್ಲ ಎಂದು. ಕಾರಣ ಹೇಳಲಿಲ್ಲ. ಹೇಳುವ ಮೊದಲೇ ರೈತರೇ ಒಂದು ಕಾರಣ ಹುಡುಕಿಕೊಂಡಿದ್ದರು.

ರಾಮಾಪುರದ ಆ ಹೆಂಗಸು ಹುಳುವಿನ ತಟ್ಟೆಯನ್ನು ಸೊಂಟಕ್ಕೆ ಒತ್ತಿಕೊಂಡೇ ಒಂದೇ ಕೈಯೆತ್ತಿ ಮುಗಿದರು. "ನಾ ಅವತ್ತು ಕೇಳ್ದೆ ಅಂತ ಓಗ್ಲಿಲ್ವಾ ಸಾ? ನಮ್ಗೋಸ್ಕರ ನಿಂತ್ರಾ?" ಆಕೆಯ ಕಣ್ಣು ತುಂಬಿತ್ತು.

"ಹಾಗೇನಿಲ್ಲಮ್ಮ," ಎಂದರು ಇವರು.

"ದೊಡ್ಡೋರು ಅಂಗೇ ಅನ್ನದು," ಎಂದರು ಅಧ್ಯಕ್ಷರು. "ಸಾ, ಇಂಥ ತ್ಯಾಗಕ್ಕೆ ಇನ್ನೊಂದ್ ಕಾರ್ಯಕ್ರಮ ಮಾಡ್ಲೇಬೇಕು. ಈ ಸಲ ಕೊಳ್ಳೇಗಾಲದಲ್ಲೇ."

"ಬೇಡ," ಎಂದರು ಇವರು. ಅಷ್ಟು ಗಟ್ಟಿಯಾಗಿ ಅವರು ರೈತರೊಂದಿಗೆ ಎಂದೂ ಮಾತಾಡಿದ್ದಿಲ್ಲ. ಆಟೋದವರು ಕೂಡ ತಿರುಗಿ ನೋಡಿದರು. ಅದನ್ನೂ ಜನ ವಿನಯ ಎಂದುಕೊಂಡರು. ಈಗಲೂ ಹಾಗೆಯೇ ಅಂದುಕೊಂಡಿದ್ದಾರೆ. ಆಕಾಶ ಬಿಟ್ಟು ನಮ್ಮ ಹುಳುವಿಗಾಗಿ ನಿಂತವರು ಎಂದು ಹೊಸಬರಿಗೆ ಪರಿಚಯ ಮಾಡಿಕೊಡುತ್ತಾರೆ. ಇವರು ಮೀಟರಿನ ಕಡೆ ತಿರುಗಿಬಿಡುತ್ತಾರೆ.

ಎಲ್ಲರೂ ಹೋದ ಮೇಲೆ ಖಾಲಿ ತಟ್ಟೆಗಳನ್ನು ತೊಳೆಯುತ್ತಿದ್ದೆವು. ಇವರು ಉಜ್ಜುವುದು, ನಾನು ನೀರು ಹಾಕುವುದು. ಕೇಳಬಾರದು ಎಂದುಕೊಂಡಿದ್ದನ್ನು ಕೇಳಿಬಿಟ್ಟೆ.

"ರೀ, ಅವತ್ತು ನಾನು ಬೆರಳಿನ ವಿಷಯ ಹೇಳದೇ ಇದ್ದಿದ್ರೆ?"

ಇವರು ಕೈಯಲ್ಲಿದ್ದ ತಟ್ಟೆಯನ್ನು ಪೂರ್ತಿ ಉಜ್ಜಿ, ತಿರುಗಿಸಿ, ಹಿಂಭಾಗವನ್ನೂ ಉಜ್ಜಿದರು.

"ಹೋಗ್ತಿದ್ದೆ," ಎಂದರು. ನನ್ನನ್ನು ನೋಡಲಿಲ್ಲ. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. "ನೀರು ಹಾಕು."

ಹಾಕಿದೆ.